ಸರಪಳಿ ಹಿಡಿದ ಲ್ಯಾಂಬ್ಟನ್ ಮತ್ತು ನಮ್ಮ ವಿಮಾನದ ಫೋಟೋ

ಗಂಗಾವತಿ ಕಡೆ ಒಂದು ಭತ್ತದ ಗದ್ದೆ. ಸರಿಯಾಗಿ ಹತ್ತು ಎಕರೆ. ಹೋದ ತಿಂಗಳು ನಮ್ಮ ಸರ್ವೇ ಲ್ಯಾಬಿನಲ್ಲಿ ಆ ಗದ್ದೆ 12 ಎಕರೆ 14 ಗುಂಟೆ ಆಗಿಬಿಟ್ಟಿತು. ಯಾರೂ ಒತ್ತುವರಿ ಮಾಡಿರಲಿಲ್ಲ, ಬಾಂದುಕಲ್ಲು ಕಿತ್ತಿರಲಿಲ್ಲ. ನಾವೇ ಕ್ಯಾಲ್ಕುಲೇಟರ್ ಒತ್ತಿ ಬೆಳೆಸಿದ್ದು.

ಗದ್ದೆಯೂ ವಿಮಾನವೂ ಕಾಗದದ ಮೇಲಿನವೇ, ಊರುಗಳು ಮಾತ್ರ ನಮ್ಮವು. ಬ್ಯಾಚಿನಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನವರು ಇದ್ದೇವೆ ಅಂತ ಸರ್ ಅದೇ ಊರುಗಳ ಮೇಲೆ ವಿಮಾನ ಹಾರಿಸಿದ್ದರು. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರ, ಕ್ಯಾಮೆರಾದ ಫೋಕಲ್ ಲೆಂತ್ 152 ಮಿ.ಮೀ. ಫೋಟೋದ ಸ್ಕೇಲ್ ಎಷ್ಟು? ಸೂತ್ರ ಎಲ್ಲರಿಗೂ ಬಾಯಿಪಾಠ: ಫೋಕಲ್ ಲೆಂತನ್ನು ಎತ್ತರದಿಂದ ಭಾಗಿಸು. ಭಾಗಿಸಿದೆವು. 1:26,316 ಬಂತು. ಎಲ್ಲರಿಗೂ ಒಂದೇ ಉತ್ತರ ಬಂದದ್ದಕ್ಕೆ ಖುಷಿಪಟ್ಟೆವು. ಎಲ್ಲರದೂ ಒಂದೇ ತಪ್ಪು ಅಂತ ಆಮೇಲೆ ಗೊತ್ತಾಯ್ತು.

ವಿಮಾನ ಸಮುದ್ರದ ಮೇಲೆ ಹಾರುತ್ತಿಲ್ಲ, ನಮ್ಮ ನೆಲದ ಮೇಲೆ ಹಾರುತ್ತಿದೆ. ಗಂಗಾವತಿ ನೆಲವೇ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಮೇಲಿದೆ. ಅದನ್ನು ಕಳೆದರೆ ವಿಮಾನಕ್ಕೂ ಗದ್ದೆಗೂ ನಡುವೆ ಉಳಿಯೋದು 3,600 ಮೀಟರ್, ಸ್ಕೇಲ್ ಸುಮಾರು 1:23,700. ಅದೇ ವಿಮಾನ ಅದೇ ಎತ್ತರದಲ್ಲಿ ಕುಷ್ಟಗಿ ಕಡೆ ಹೋಯಿತು ಅನ್ನಿ. ಅಲ್ಲಿ ನೆಲ ಮೇಲೇರಿದೆ. 630 ಮೀಟರ್ ಅಂತ ಹಿಡಿದರೆ ಸ್ಕೇಲ್ ಸುಮಾರು 1:22,200. ಪೈಲಟ್ ಏನೂ ಮಾಡಿಲ್ಲ, ಕ್ಯಾಮೆರಾ ಬದಲಾಗಿಲ್ಲ, ಆದರೂ ಸ್ಕೇಲ್ ಬದಲಾಯ್ತು. ಫೋಟೋದಲ್ಲಿ 10 ಸೆಂ.ಮೀ. ಕಾಣೋ ದೂರ ಗಂಗಾವತಿಯಲ್ಲಿ 2,368 ಮೀಟರ್, ಕುಷ್ಟಗಿಯಲ್ಲಿ 2,217 ಮೀಟರ್. ಕೊಪ್ಪಳದ ಕೋಟೆಗುಡ್ಡ ಬಂದರಂತೂ ಒಂದೇ ಫೋಟೋದೊಳಗೆ ಎರಡು ಸ್ಕೇಲ್: ಗುಡ್ಡದ ತುದಿಗೆ ಒಂದು, ಬುಡದ ಊರಿಗೆ ಇನ್ನೊಂದು.

ಕುಷ್ಟಗಿಯ ಸ್ಕೇಲ್ ಹಾಕಿ ಗಂಗಾವತಿಯ ಅದೇ ಹತ್ತು ಎಕರೆ ಅಳೆದರೆ 8 ಎಕರೆ 30 ಗುಂಟೆ ಬರುತ್ತದೆ. ದೂರದಲ್ಲಿ ನೂರಕ್ಕೆ ಆರು ತಪ್ಪಿದರೆ ವಿಸ್ತೀರ್ಣದಲ್ಲಿ ಅದು ಇಮ್ಮಡಿ ಆಗುತ್ತದೆ. ನಮ್ಮ ಮನೆಗಳಲ್ಲಿ ಒಂದು ಎಕರೆ ಅಂದರೇನು ಅಂತ ನಮಗೆ ಗೊತ್ತು. ಎರಡು ಗುಂಟೆಗಾಗಿ ಅಣ್ಣತಮ್ಮಂದಿರು ಮಾತುಬಿಟ್ಟ ಮನೆಗಳು ನಮ್ಮ ಊರುಗಳಲ್ಲೇ ಇವೆ.

ಹಾಗಾದರೆ ನೆಲದ ಎತ್ತರ ಗೊತ್ತಿಲ್ಲದಾಗ, ವಿಮಾನದ ಎತ್ತರದ ಮೇಲೂ ನಂಬಿಕೆ ಇಲ್ಲದಾಗ ಏನು ಮಾಡಬೇಕು? ಫೋಟೋದಲ್ಲಿ ಚೆನ್ನಾಗಿ ಕಾಣೋ ಎರಡು ಬಿಂದು ಹಿಡಿ. ನೆಲಕ್ಕಿಳಿದು ಅವುಗಳ ನಡುವಿನ ದೂರ ಅಳೆ. ಫೋಟೋದ ದೂರಕ್ಕೂ ನೆಲದ ದೂರಕ್ಕೂ ಇರೋ ಅನುಪಾತವೇ ಅಲ್ಲಿನ ಸ್ಕೇಲ್. ಎಲ್ಲ ಲೆಕ್ಕಕ್ಕೂ ಕೆಳಗೆ ಒಂದು ನಿಜವಾದ, ಕೈಯಾರೆ ಅಳೆದ ಗೆರೆ ಬೇಕು. ಇಂಥ ಒಂದು ಗೆರೆಗಾಗಿ ಆಯುಷ್ಯ ಸವೆಸಿದ ಮನುಷ್ಯನ ಕಥೆಯನ್ನೇ ಈ ಸಂಚಿಕೆಗೆ ಬರೆಯೋಣ ಅಂತ ತೀರ್ಮಾನಿಸಿದೆವು. ಹೆಸರು ವಿಲಿಯಂ ಲ್ಯಾಂಬ್ಟನ್. ಆತನ ಕಾಲದಲ್ಲಿ ವಿಮಾನವೂ ಇರಲಿಲ್ಲ, ಫೋಟೋವೂ ಇರಲಿಲ್ಲ.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ರೈತ ಮನೆಯ ಹುಡುಗ. ಲೆಕ್ಕದಲ್ಲಿ ಚುರುಕು. 1781ರಲ್ಲಿ ಸೈನ್ಯ ಸೇರಿದ. ಅಮೆರಿಕದ ಯುದ್ಧಕ್ಕೆ ಹೋದ, ಯಾರ್ಕ್‌ಟೌನ್‌ನಲ್ಲಿ ಸೆರೆ ಸಿಕ್ಕ, ಬಿಡುಗಡೆಯಾದ ಮೇಲೆ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಬ್ಯಾರಕ್ಕುಗಳನ್ನು ನೋಡಿಕೊಳ್ಳೋ ಕೆಲಸದಲ್ಲಿ ಹದಿಮೂರು ವರ್ಷ ಕೂತ. ಬೇರೆಯವರಾಗಿದ್ದರೆ ಅಲ್ಲೇ ಮುದುಕರಾಗುತ್ತಿದ್ದರು. ಈತ ಗಣಿತದ ಪುಸ್ತಕ ತರಿಸಿಕೊಂಡು ಒಬ್ಬನೇ ಓದಿದ. ಅಲ್ಲೇ ಒಮ್ಮೆ ಸೂರ್ಯಗ್ರಹಣವನ್ನು ಮಸಿ ಹಿಡಿಸಿದ ಗಾಜಿಲ್ಲದೆ ನೋಡಲು ಹೋಗಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡ. ಮುಂದೆ ಜೀವನಪೂರ್ತಿ ದುರ್ಬೀನಿನಲ್ಲಿ ಕಣ್ಣಿಟ್ಟು ಬದುಕಬೇಕಾದವನಿಗೆ ಉಳಿದದ್ದು ಒಂದೇ ಕಣ್ಣು.

ನಲವತ್ತು ದಾಟಿದ ಮೇಲೆ ಭಾರತಕ್ಕೆ ಬಂದ. 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧದ ಕಡೆಯ ಯುದ್ಧದಲ್ಲಿ ಜನರಲ್ ಬೇರ್ಡ್‌ನ ಕೈಕೆಳಗೆ ಶ್ರೀರಂಗಪಟ್ಟಣದ ಹತ್ತಿರ ಇದ್ದ. ಒಂದು ರಾತ್ರಿ ಬೇರ್ಡ್‌ನ ದಳ ತಮ್ಮ ಪಾಳೆಯಕ್ಕೆ ವಾಪಸು ಹೊರಟಿದೆ ಅಂದುಕೊಂಡು ನಡೆಯುತ್ತಿತ್ತು. ಲ್ಯಾಂಬ್ಟನ್ ತಲೆ ಎತ್ತಿ ನಕ್ಷತ್ರ ನೋಡಿದ. ಉತ್ತರಕ್ಕೆ ಹೋಗಬೇಕಾದವರು ದಕ್ಷಿಣಕ್ಕೆ, ಅಂದರೆ ನೇರ ಟಿಪ್ಪುವಿನ ಸೈನ್ಯದ ಕಡೆಗೇ ಹೋಗುತ್ತಿದ್ದಾರೆ ಅಂತ ಹೇಳಿದ. ಜನರಲ್ಲಿಗೆ ಮೊದಲು ನಂಬಿಕೆ ಬರಲಿಲ್ಲ. ದೀಪ ಹಚ್ಚಿ ದಿಕ್ಸೂಚಿ ನೋಡಿದಾಗ ಒಕ್ಕಣ್ಣನ ಮಾತೇ ನಿಜವಾಗಿತ್ತು.

ಯುದ್ಧ ಮುಗಿಯಿತು, ಮೈಸೂರು ಸೀಮೆ ಕಂಪನಿಯ ಹಿಡಿತಕ್ಕೆ ಬಂತು. ಗೆದ್ದ ನಾಡಿನ ನಕ್ಷೆ ಬೇಕಲ್ಲ? ಆ ಕೆಲಸ ಕಾಲಿನ್ ಮೆಕೆಂಜಿಗೆ ಹೋಯಿತು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಎದುರು ದಡದಲ್ಲಿರುವ ಹಂಪಿಯನ್ನು 1799ರಲ್ಲೇ ಸರ್ವೇ ಮಾಡಿ ನಕ್ಷೆಗೆ ತಂದವನು ಇದೇ ಮೆಕೆಂಜಿ, ಹಾಗಾಗಿ ನಮ್ಮ ಕಡೆಯವರಿಗೆ ಆತನ ಹೆಸರು ಸ್ವಲ್ಪ ಪರಿಚಯ. ಮೆಕೆಂಜಿ ಊರು, ಕೆರೆ, ಗುಡ್ಡ, ಶಾಸನ ಅಂತ ನೆಲದ ಮೇಲಿರೋದನ್ನೆಲ್ಲ ಬರೆದುಕೊಳ್ಳೋನು. ಲ್ಯಾಂಬ್ಟನ್ ಕೇಳಿದ್ದೇ ಬೇರೆ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಜಾಲ ಹೆಣೆಯುತ್ತೇನೆ, ಎಲ್ಲ ನಕ್ಷೆಗಳೂ ಅದರ ಮೇಲೆ ಕೂರಲಿ, ಭೂಮಿಯ ಆಕಾರದ ಲೆಕ್ಕವೂ ಅದರಲ್ಲೇ ಸಿಗುತ್ತದೆ ಅಂತ ಆತನ ಪ್ರಸ್ತಾಪ. ಮದ್ರಾಸಿನ ಲೆಕ್ಕಪತ್ರದ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕು ಅನ್ನೋನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಅವರೇ ಕರಕೊಂಡು ಹೋಗ್ತಾರೆ, ಇದಕ್ಕೆ ತ್ರಿಕೋನಮಿತಿ ಯಾಕೆ ಅನ್ನೋ ಧಾಟಿಯಲ್ಲಿ ಒಬ್ಬ ಆಕ್ಷೇಪ ಎತ್ತಿದನಂತೆ. ಲೊಕೇಶನ್ ಕಳಿಸಿದರೆ ಆಟೋದವರೇ ಬರ್ತಾರಲ್ಲ, ಸರ್ವೇ ಪೇಪರ್ ಯಾಕೆ ಅಂತ ಕೇಳೋ ನಮ್ಮ ಗೆಳೆಯರು ಅವನ ವಂಶದವರೇ ಇರಬೇಕು.

ಒಪ್ಪಿಗೆ ಸಿಕ್ಕಿತು. 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಂಗಳೂರಿನ ಹತ್ತಿರ ಲ್ಯಾಂಬ್ಟನ್ ತನ್ನ ಮೊದಲ ಗೆರೆ ಅಳೆದ. ಉದ್ದ ಏಳು ಮೈಲಿಗಿಂತ ಸ್ವಲ್ಪ ಹೆಚ್ಚು. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ, ಎರಡೂವರೆ ಅಡಿಯ ನಲವತ್ತು ಕೊಂಡಿಗಳದ್ದು. ಆ ಸರಪಳಿಗೂ ಒಂದು ಕಥೆ ಇದೆ. ಅದು ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೊರಟಿತ್ತು, ಅಲ್ಲಿ ಯಾರಿಗೂ ಬೇಡವಾಗಿ ಕಲ್ಕತ್ತೆಗೆ ಬಂದು ಬಿದ್ದಿತ್ತು. ಚಕ್ರವರ್ತಿಗೆ ಬೇಡವಾದದ್ದು ನಮ್ಮ ನೆಲಕ್ಕೆ ಒದಗಿತು.

ಏಳು ಮೈಲಿ ಯಾಕೆ, ನೂರು ಗಜ ಸಾಲದೇ ಅಂತ ನಮ್ಮ ಬ್ಯಾಚಿನಲ್ಲೂ ಪ್ರಶ್ನೆ ಬಂತು. ಫೋಟೋದ ಲೆಕ್ಕದಲ್ಲೇ ನೋಡಿದರೆ ತಿಳಿಯುತ್ತದೆ. 1:23,700 ಸ್ಕೇಲಿನ ಫೋಟೋದಲ್ಲಿ 200 ಮೀಟರಿನ ರಸ್ತೆ 8.4 ಮಿ.ಮೀ. ಮಾತ್ರ ಕಾಣುತ್ತದೆ. ಅಳೆಯುವಾಗ ಅರ್ಧ ಮಿಲಿಮೀಟರ್ ಆಚೀಚೆ ಆದರೂ ನೂರಕ್ಕೆ ಆರು ತಪ್ಪು. ಅದೇ 2 ಕಿ.ಮೀ. ರಸ್ತೆ ಹಿಡಿದರೆ ಆ ಅರ್ಧ ಮಿಲಿಮೀಟರಿನ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕೈ ತಪ್ಪೋದು ಅಷ್ಟೇ, ಗೆರೆ ಉದ್ದವಾದಷ್ಟೂ ಆ ತಪ್ಪು ಕರಗುತ್ತದೆ. ಲ್ಯಾಂಬ್ಟನ್ ಈ ಗೆರೆಯ ಮೇಲೆ ಸಾವಿರಾರು ಚದರ ಮೈಲಿ ಕಟ್ಟಬೇಕಿತ್ತು.

1802ರ ಏಪ್ರಿಲಿನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಗೆರೆಗೆ ಕೈ ಹಾಕಿದ. ಏಳೂವರೆ ಮೈಲಿ, ಸರಪಳಿಯನ್ನು ಸುಮಾರು ನಾನೂರು ಸಲ ಎತ್ತಿ ಇಡಬೇಕು. ನಮ್ಮ ಹಾಗೆ ನೆಲದ ಮೇಲೆ ಎಳೆದುಕೊಂಡು ಹೋಗೋದಲ್ಲ. ಮರದ ತೊಟ್ಟಿಗಳನ್ನು ಮುಕ್ಕಾಲಿಗಳ ಮೇಲೆ ಸಾಲಾಗಿ ನಿಲ್ಲಿಸಿ, ಅದರೊಳಗೆ ಸರಪಳಿ ಮಲಗಿಸಿ, ತೂಕ ಕಟ್ಟಿ ಬಿಗಿಯಾಗಿ ಎಳೆದು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೆಯೋದು. ಥರ್ಮಾಮೀಟರ್ ಯಾಕೆ ಅಂದರೆ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ನಾವು ಲೆಕ್ಕ ಹಾಕಿದೆವು: ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಯ ಸರಪಳಿ ಸುಮಾರು ಮೂರೂವರೆ ಮಿ.ಮೀ. ಹಿಗ್ಗುತ್ತದೆ. ಏನೂ ಅಲ್ಲ ಅನ್ನಿಸುತ್ತದೆ. ನಾನೂರು ಸಲಕ್ಕೆ ಅದು 1.4 ಮೀಟರ್. ಮದ್ರಾಸಿನಲ್ಲಿ ಏಪ್ರಿಲ್–ಮೇ ತಿಂಗಳು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಏರೋದೇನು ದೊಡ್ಡ ಮಾತಲ್ಲ.

ಒಂದು ಗೆರೆ ಸಿಕ್ಕ ಮೇಲೆ ಸರಪಳಿಯ ಕೆಲಸ ಕಡಿಮೆ, ಕೋನದ ಕೆಲಸ ಜಾಸ್ತಿ. ಗೆರೆಯ ಎರಡು ತುದಿಯಿಂದ ದೂರದ ಒಂದು ಬೆಟ್ಟ ನೋಡಿ, ಎರಡು ಕೋನ ಅಳೆದರೆ ತ್ರಿಕೋನ ಪೂರ್ತಿ ಗೊತ್ತಾಗುತ್ತದೆ. ಆ ಬೆಟ್ಟಕ್ಕಿರುವ ದೂರವೇ ಮುಂದಿನ ತ್ರಿಕೋನಕ್ಕೆ ಗೆರೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ. ಈ ಕೋನಗಳಿಗಾಗಿ ಲಂಡನ್ನಿನಿಂದ ಬಂದ ಥಿಯೋಡೊಲೈಟ್ ಅರ್ಧ ಟನ್ ತೂಕದ್ದು, ಅದರ ಅಡ್ಡ ಚಕ್ರವೇ ಮೂರು ಅಡಿ ಅಗಲ. ಬರುವಾಗ ದಾರಿಯಲ್ಲಿ ಹಡಗು ಫ್ರೆಂಚರ ಕೈಗೆ ಸಿಕ್ಕಿ ಯಂತ್ರ ಮಾರಿಷಸ್ ಸೇರಿತು. ವಿಜ್ಞಾನದ ಸಾಮಾನು ಅಂತ ತಿಳಿದ ಮೇಲೆ ಅಲ್ಲಿನ ಗವರ್ನರ್ ಮರ್ಯಾದೆಯಿಂದ ಮದ್ರಾಸಿಗೆ ಕಳಿಸಿಕೊಟ್ಟ. ನಮ್ಮ ಲ್ಯಾಬಿನ ಥಿಯೋಡೊಲೈಟನ್ನು ಇಬ್ಬರು ಎತ್ತಿ ಮೂರನೇ ಮಹಡಿ ಇಳಿಸುವಷ್ಟರಲ್ಲಿ ನಮಗೆ ಸಾಕಾಗುತ್ತದೆ. ಅರ್ಧ ಟನ್ನಿನದನ್ನು ಬೆಟ್ಟಗಳ ತುದಿಗೆ, ಗೋಪುರಗಳ ತುದಿಗೆ ಹೊತ್ತವರು ಹತ್ತಾರು ಖಲಾಸಿಗಳು. ಲ್ಯಾಂಬ್ಟನ್‌ನ ವರದಿಗಳಲ್ಲಿ ಬೆಟ್ಟಗಳ ಹೆಸರು ಒಂದೂ ಬಿಡದೆ ಇದೆ, ಹೊತ್ತವರ ಹೆಸರಿಗೆ ಅಲ್ಲಿ ಜಾಗ ಇರಲಿಲ್ಲ. ಓದುವಾಗ ನಮಗೆ ಚುಚ್ಚಿದ ಸಂಗತಿ ಇದು.

ಜಾಲ ಮದ್ರಾಸಿನಿಂದ ಪಶ್ಚಿಮಕ್ಕೆ ಬಂದು ಬೆಂಗಳೂರು ಮುಟ್ಟಿತು. ಈಗ ಪರೀಕ್ಷೆ. 1804ರಲ್ಲಿ ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಮತ್ತೆ ಸುಮಾರು ಏಳು ಮೈಲಿಯ ಗೆರೆಯನ್ನು ಸರಪಳಿಯಿಂದ ಅಳೆದ. (ಕೋಲಾರದ ಚಿನ್ನದ ಸುದ್ದಿ ಬೆನ್ನುಹತ್ತಿ 1802ರಲ್ಲಿ ಅಲ್ಲಿನ ಮಣ್ಣು ತೊಳೆಸಿ ನೋಡಿದ ವಾರನ್ ಇವನೇ.) ಅದೇ ಗೆರೆಯ ಉದ್ದವನ್ನು ಮದ್ರಾಸಿನ ಗೆರೆಯಿಂದ, ನಡುವಿನ ತ್ರಿಕೋನಗಳ ಮೂಲಕ ಲೆಕ್ಕ ಹಾಕಿಯೂ ತೆಗೆದರು. ನಡುವೆ ಇನ್ನೂರು ಮೈಲಿಯ ಬೆಟ್ಟಗುಡ್ಡ. ಅಳೆದದ್ದಕ್ಕೂ ಲೆಕ್ಕಕ್ಕೂ ಬಂದ ವ್ಯತ್ಯಾಸ 3.7 ಅಂಗುಲ. ನಮ್ಮ ಕಣಕ್ಕೆ ಹೇಳೋದಾದರೆ ಒಂಬತ್ತೂವರೆ ಸೆಂ.ಮೀ. ಕೂಡ ಇಲ್ಲ, ಹನ್ನೊಂದು ಕಿಲೋಮೀಟರಿಗೆ.

ಅಲ್ಲಿಂದ ಮುಂದೆ ಘಟ್ಟ ದಾಟಿ ಮಂಗಳೂರಿನ ಕಡಲು ಮುಟ್ಟಿದಾಗ ದೊಡ್ಡ ಸುದ್ದಿ ಹೊರಬಿತ್ತು. ಆವರೆಗಿನ ನಕ್ಷೆಗಳಲ್ಲಿ ಮದ್ರಾಸಿನಿಂದ ಮಂಗಳೂರು ಕರಾವಳಿಗೆ 400 ಮೈಲಿ ಇತ್ತು. ಲ್ಯಾಂಬ್ಟನ್‌ನ ತ್ರಿಕೋನಗಳು ಹೇಳಿದ್ದು 360. ನಲವತ್ತು ಮೈಲಿ ದೇಶ ಕಾಗದದ ಮೇಲೆ ಮಾತ್ರ ಇತ್ತು, ನಮ್ಮ ಎರಡು ಎಕರೆ ಹದಿನಾಲ್ಕು ಗುಂಟೆಯ ಹಾಗೆ. ಹಳೇ ನಕ್ಷೆ ಬರೆದವರು ದಡ್ಡರಲ್ಲ. ಸೈನ್ಯ ನಡೆದ ದಾರಿಯ ಲೆಕ್ಕ, ಗಾಡಿ ಚಕ್ರ ಉರುಳಿದ ಲೆಕ್ಕ ಕೂಡಿಸಿ ಮಾಡಿದ್ದರು. ದಾರಿ ಸುತ್ತುಬಳಸು, ನೆಲ ಏರುಇಳುವು. ನೆಲದ ಏರಿಳಿತವನ್ನು ಲೆಕ್ಕದಿಂದ ಬಿಟ್ಟರೆ ಏನಾಗುತ್ತದೆ ಅಂತ ಗಂಗಾವತಿ–ಕುಷ್ಟಗಿ ಫೋಟೋದಲ್ಲಿ ನಾವೇ ನೋಡಿದ್ದೆವು.

ಆಮೇಲೆ ಲ್ಯಾಂಬ್ಟನ್ ಉತ್ತರ–ದಕ್ಷಿಣದ ಸಾಲು ಹಿಡಿದ. ಬೆಂಗಳೂರಿನ ದೊಡ್ಡಗುಂಟೆಯಲ್ಲಿ, ಪಾವಗಡದ ಬೆಟ್ಟದಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ತೆಗೆದ. ಒಂದು ಡಿಗ್ರಿ ಅಕ್ಷಾಂಶ ನೆಲದ ಮೇಲೆ ಎಷ್ಟು ಉದ್ದ ಅನ್ನೋದು ಕನ್ಯಾಕುಮಾರಿ ಕಡೆ ಒಂದು, ಉತ್ತರಕ್ಕೆ ಹೋದಂತೆ ಇನ್ನೊಂದು. ಆ ವ್ಯತ್ಯಾಸದಿಂದ ಭೂಮಿ ಧ್ರುವಗಳ ಕಡೆ ಎಷ್ಟು ಚಪ್ಪಟೆ ಅಂತ ತಿಳಿಯುತ್ತದೆ. ಆತನಿಗೆ ನಿಜವಾಗಿ ಬೇಕಾಗಿದ್ದದ್ದು ಇದೇ. ಕಂಪನಿಗೆ ಬೇಕಾಗಿದ್ದದ್ದು ಕಂದಾಯ ಮತ್ತು ಸೈನ್ಯದ ದಾರಿ. ಇಬ್ಬರಿಗೂ ಒಂದೇ ತ್ರಿಕೋನ ಸಾಕಾಯ್ತು. ವಿಜ್ಞಾನವೂ ದಬ್ಬಾಳಿಕೆಯೂ ಹೀಗೆ ಒಂದೇ ಡೇರೆಯಲ್ಲಿ ಮಲಗಿದ್ದನ್ನು ಮುಚ್ಚಿಟ್ಟು ಈ ಮನುಷ್ಯನ ಕಥೆ ಹೇಳೋಕಾಗಲ್ಲ.

1808ರಲ್ಲಿ ತಂಜಾವೂರು. ಬಯಲು ಸೀಮೆ, ಸುತ್ತ ತೆಂಗು, ಎತ್ತರದ ಜಾಗವೇ ಇಲ್ಲ. ದೊಡ್ಡ ದೇವಸ್ಥಾನದ ಗೋಪುರಕ್ಕೆ ಥಿಯೋಡೊಲೈಟನ್ನು ಹಗ್ಗ ಕಟ್ಟಿ ಏರಿಸುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಬಡಿಯಿತು. ಮೂರು ಅಡಿಯ ಚಕ್ರ ಸೊಟ್ಟಗಾಯಿತು. ಇಂಗ್ಲೆಂಡಿನಿಂದ ಹೊಸದು ತರಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಯಾರ ಮೇಲೂ ಕೂಗಾಡಲಿಲ್ಲವಂತೆ. ಡೇರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಚಕ್ರವನ್ನು ಪೂರ್ತಿ ಬಿಚ್ಚಿ, ಮರದ ಹಲಗೆಯ ಮೇಲೆ ಸರಿಯಾದ ಅಳತೆಯ ವೃತ್ತ ಕೊರೆಸಿ, ಬೆಣೆ ಹೊಡೆದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆದು ಮತ್ತೆ ದುಂಡಗೆ ಮಾಡಿದ. ಆರು ವಾರ. ಹೊರಗೆ ಬಂದಾಗ ಯಂತ್ರ ಕೆಲಸ ಮಾಡುತ್ತಿತ್ತು. ವರ್ಕ್‌ಶಾಪಿನಲ್ಲಿ ಒಂದು ಫೈಲಿಂಗ್ ಜಾಬಿಗೆ ಬೆವರು ಸುರಿಸೋ ನಮಗೆ ಆತನ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಆರು ವಾರ ಇದು.

1811ರಲ್ಲಿ ಗುತ್ತಿಯ ಹತ್ತಿರ ಮತ್ತೊಂದು ಗೆರೆ. ಅಲ್ಲಿಂದ ಸಾಲು ನಿಜಾಮನ ರಾಜ್ಯದೊಳಗೆ ನುಗ್ಗಿ, 1815ರಲ್ಲಿ ಬೀದರ್ ಸೀಮೆಯ ದಾಮರಗಿದ್ದದಲ್ಲಿ ಇನ್ನೊಂದು. ನಮ್ಮ ಕೊಪ್ಪಳವೂ ಆಗ ನಿಜಾಮನ ಸೀಮೆಯೇ, ತುಂಗಭದ್ರೆಯ ಆಚೆ ದಡ ಕಂಪನಿಯದು. ಆದರೆ ಲ್ಯಾಂಬ್ಟನ್‌ನ ಮುಖ್ಯ ಸಾಲು ನಮ್ಮಿಂದ ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಹೋಯಿತು. ಬೆಟ್ಟದ ತುದಿಯಲ್ಲಿ ಬಾವುಟ ನೆಟ್ಟು, ರಾತ್ರಿ ದೀಪ ಹಚ್ಚಿ, ದುರ್ಬೀನು ತಿರುಗಿಸೋ ಈ ಜನರನ್ನು ಕಂಡು ಊರವರಿಗೆ ಅನುಮಾನ. ದುರ್ಬೀನಿನಲ್ಲಿ ನೋಡಿದರೆ ಮನೆಯೊಳಗಿನ ಹೆಂಗಸರು ಕಾಣ್ತಾರೆ, ಅದೂ ತಲೆಕೆಳಗಾಗಿ, ಅಂತ ಸುದ್ದಿ ಹಬ್ಬಿತ್ತು. ತಲೆಕೆಳಗು ಅನ್ನೋದು ಮಾತ್ರ ನಿಜ. ಆ ಕಾಲದ ಸರ್ವೇ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುತ್ತಿತ್ತು.

ಹೆಸರು ಬಂದದ್ದು ತಡವಾಗಿ. ಮೊದಲು ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಗುರುತಿಸಿತು, 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಸದಸ್ಯತ್ವ ಕೊಟ್ಟಿತು. 1818ರಲ್ಲಿ ಈ ಕೆಲಸಕ್ಕೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೇ ಅಂತ ಹೆಸರಾಯಿತು, ಜಾರ್ಜ್ ಎವರೆಸ್ಟ್ ಸಹಾಯಕನಾಗಿ ಬಂದ. ಶಿಷ್ಯನ ಹೆಸರು ಹಿಮಾಲಯದ ತುದಿಗೆ ಏರಿತು, ಗುರುವಿನ ಹೆಸರು ಸರ್ವೇ ಪುಸ್ತಕದ ಮೊದಲ ಅಧ್ಯಾಯದಲ್ಲೇ ಉಳಿಯಿತು. ಪರೀಕ್ಷೆಗೆ ಬರಲ್ಲ ಅಂತ ನಾವು ಬಿಡೋ ಅಧ್ಯಾಯ ಅದು.

ಎಪ್ಪತ್ತರ ಹತ್ತಿರವಾದರೂ ಲ್ಯಾಂಬ್ಟನ್ ಕೂರಲಿಲ್ಲ. ಕೆಮ್ಮು ಹತ್ತಿಕೊಂಡಿತ್ತು. ಹೈದರಾಬಾದಿನಿಂದ ನಾಗಪುರದ ಕಡೆ ಪಾಳೆಯ ಹೊರಡಿಸಿದ. 1823ರ ಜನವರಿ 20ರಂದು, ಇಂದಿನ ಮಹಾರಾಷ್ಟ್ರದ ವರ್ಧಾ ಜಿಲ್ಲೆಯ ಹಿಂಗನ್‌ಘಾಟ್‌ನಲ್ಲಿ, ದಾರಿಯಲ್ಲೇ ತೀರಿಕೊಂಡ. ಅಷ್ಟರಲ್ಲಿ ಆತನ ತ್ರಿಕೋನಗಳು ಸುಮಾರು 1.65 ಲಕ್ಷ ಚದರ ಮೈಲಿ ಆವರಿಸಿದ್ದವು. ಸಮಾಧಿ ಅಲ್ಲೇ ಇದೆ.

ಇನ್ನು ನಮ್ಮ ಲ್ಯಾಬಿನ ಕಥೆ. ಪ್ರಶ್ನೆಯ ಎರಡನೇ ಭಾಗ ಬಾಕಿ ಇತ್ತು. ಗಂಗಾವತಿ ಕಡೆಯ ಒಂದು ನೇರ ರಸ್ತೆಯ ಎರಡು ಸಿಡಿಗಳ ನಡುವಿನ ದೂರ ಫೋಟೋದಲ್ಲಿ 8.45 ಸೆಂ.ಮೀ. ಅಂತ ಸರ್ ಕೊಟ್ಟಿದ್ದರು. ನೆಲದ ದೂರದ ಜಾಗ ಖಾಲಿ ಬಿಟ್ಟು, ಹೋಗಿ ಅಳೆದು ತನ್ನಿ ಅಂದಿದ್ದರು. ಕಿಲೋಮೀಟರ್ ಕಲ್ಲು ನೋಡಿ ಎರಡು ಕಿ.ಮೀ. ಅಂತ ಬರೆದುಬಿಡೋಣ, ಸ್ಕೇಲ್ 1:23,669 ಬರುತ್ತದೆ, ಮೊದಲಿನ ಲೆಕ್ಕಕ್ಕೂ ತಾಳೆ ಆಗುತ್ತದೆ ಅಂತ ಯಲಬುರ್ಗಾದವನು ಸಲಹೆ ಕೊಟ್ಟ. ಲ್ಯಾಂಬ್ಟನ್ ಬಗ್ಗೆ ಇಷ್ಟು ಓದಿದ ಮೇಲೆ ಹಾಗೆ ಬರೆಯೋಕೆ ಕೈ ಬರಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೇ, ಬಿಸಿಲೇರೋ ಮುಂಚೆ, ಮೂವತ್ತು ಮೀಟರಿನ ಉಕ್ಕಿನ ಟೇಪು ಹಿಡಿದು ಹೊರಟೆವು. ಒಂದು ತಂಡ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ. ಭತ್ತದ ಲಾರಿ ಬಂದಾಗೆಲ್ಲ ಟೇಪು ಎತ್ತಬೇಕು, ಮತ್ತೆ ಗುರುತು ಹುಡುಕಬೇಕು. ಹತ್ತೂವರೆಗೆ ಮುಗೀತು.

ಒಂದು ತಂಡದ್ದು 1,997.20 ಮೀಟರ್. ಇನ್ನೊಂದರದ್ದು 1,997.61. ನಲವತ್ತೊಂದು ಸೆಂ.ಮೀ. ವ್ಯತ್ಯಾಸ. ಥರ್ಮಾಮೀಟರ್ ತಂದಿರಲಿಲ್ಲ, ಟೇಪನ್ನು ಎಷ್ಟು ಬಿಗಿಯಾಗಿ ಎಳೆದೆವು ಅನ್ನೋದಕ್ಕೂ ಲೆಕ್ಕ ಇಲ್ಲ. ಮುಂದಿನ ಭಾನುವಾರ ಮತ್ತೆ ಹೋಗ್ತಿದ್ದೀವಿ, ಈ ಸಲ ಐದೂವರೆಗೇ.